ಪಡಸಾಲೆಯ ದೀಪಕ್ಕೆ ಹಾಕಿದ ಬಲ್ಬು ಬಾಳುತ್ತಿಲ್ಲ, ಕಾರಣ ಏನಿರಬಹುದು?

ಜಲನಗರ ಮಾಸ್ತರ, ವಿಜಯಪುರ
ನಮ್ಮ ಪಡಸಾಲೆಯ ಛಾವಣಿಗೆ ಗಾಜಿನ ಬಟ್ಟಲಿನಂಥ ದೀಪ ಇದೆ. ಒಳಗೆ ಎರಡು ಹೋಲ್ಡರ್, ಎರಡಕ್ಕೂ 9 ವ್ಯಾಟ್‌ನ ಎಲ್‌ಇಡಿ ಬಲ್ಬು. ಹೊಸದಾಗಿ ಹಾಕಿದ ಬಲ್ಬು ಕೆಲವು ವಾರ ಉರಿಯುತ್ತದೆ, ಆಮೇಲೆ ಮಿಣುಕಲು ಶುರು, ಒಂದು ದಿನ ಆರಿಹೋಗುತ್ತದೆ. ಒಮ್ಮೊಮ್ಮೆ ಎರಡೂ ಒಟ್ಟಿಗೆ ಹೋಗುತ್ತವೆ. ಅಡುಗೆಮನೆ, ಬಚ್ಚಲುಮನೆಯ ಬಲ್ಬುಗಳು ವರ್ಷಗಳಿಂದ ಚೆನ್ನಾಗಿಯೇ ಇವೆ. ಡಬ್ಬದ ಮೇಲೆ 25,000 ಗಂಟೆ ಎಂದು ಬರೆದಿರುತ್ತಾರೆ. ದಿನಕ್ಕೆ 8 ಗಂಟೆ ಉರಿಸಿದರೂ ಎಂಟು ವರ್ಷ ದಾಟಬೇಕಾದ ವಸ್ತು ಎರಡು ತಿಂಗಳು ತಡೆಯುವುದಿಲ್ಲ ಎಂದರೆ ಎಲ್ಲೋ ಏನೋ ಸರಿಯಿಲ್ಲ. ಎಲ್ಲಿಂದ ಹುಡುಕಲು ಆರಂಭಿಸಬೇಕು, ತಿಳಿದವರು ಹೇಳಿ.

ಟಿಳಕವಾಡಿ, ಬೆಳಗಾವಿ
ಬಲ್ಬೇ ಕಳಪೆ. ಬೀದಿಯಲ್ಲಿ ಗಾಡಿಯ ಮೇಲೆ ಮಾರುವುದನ್ನು ತಂದರೆ ಹೀಗೇ ಆಗುವುದು. ಬಿಲ್ಲು, ವಾರಂಟಿ, ಬಿಐಎಸ್ ನೋಂದಣಿ ಗುರುತು ನೋಡಿ ತೆಗೆದುಕೊಳ್ಳಿ, ಮುಗಿಯಿತು.

ಜಲನಗರ ಮಾಸ್ತರ, ವಿಜಯಪುರ
ಅಂಗಡಿಯಿಂದ ಬಿಲ್ಲು ಸಮೇತ ತಂದ ಬಲ್ಬುಗಳೇ ಸರ್. ಬೇರೆ ಬೇರೆ ಕಂಪನಿಯವು. ಅದೇ ಬಲ್ಬು ಅಡುಗೆಮನೆಯಲ್ಲಿ ಉರಿಯುತ್ತದೆ, ಪಡಸಾಲೆಗೆ ಬಂದರೆ ಸಾಯುತ್ತದೆ.

ಶಹಾಪುರದ ಅಕ್ಕ, ಬೆಳಗಾವಿ
ಮಾಸ್ತರರೇ, ಆ ಗಾಜಿನ ಬಟ್ಟಲು ಪೂರ್ತಿ ಮುಚ್ಚಿಕೊಂಡಿದೆಯೇ? ಎಲ್‌ಇಡಿ ತಂಪಾಗಿ ಉರಿಯುತ್ತದೆ ಎನ್ನುವ ಮಾತನ್ನು ಜನ ತಪ್ಪಾಗಿ ನಂಬಿದ್ದಾರೆ. ಬೆಳಕು ಬರುವ ಕಡೆ ಬಿಸಿ ಇಲ್ಲ, ನಿಜ. ಕ್ಯಾಪಿನ ಹತ್ತಿರ, ಬಿಳಿ ಕುತ್ತಿಗೆಯ ಭಾಗವನ್ನು ಮುಟ್ಟಿ ನೋಡಿ, ಕೈ ಸುಡುತ್ತದೆ. ಆ ಬಿಸಿ ಗಾಳಿಗೆ ಹೋಗಲೇಬೇಕು. ಬಟ್ಟಲೊಳಗೆ ಗಾಳಿ ಆಡದಿದ್ದರೆ ಬಿಸಿಯೆಲ್ಲ ಬಲ್ಬಿನೊಳಗೆ ಕರೆಂಟನ್ನು ಹದಮಾಡಿ ಕೊಡುವ ಸರ್ಕ್ಯೂಟಿಗೆ, ಅಂದರೆ ಡ್ರೈವರ್‌ಗೆ ತಿರುಗುತ್ತದೆ. ಅಲ್ಲಿರುವ ಚಿಕ್ಕ ಉರುಳೆಯಾಕಾರದ ಕೆಪಾಸಿಟರ್ ಮೊದಲು ಸಾಯುವುದು. ಉಷ್ಣತೆ 10 ಡಿಗ್ರಿ ಏರಿದರೆ ಅದರ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಿಮ್ಮ ವಿಜಯಪುರದ ಏಪ್ರಿಲ್ ಬಿಸಿಲಿಗೆ ಕಾಂಕ್ರೀಟ್ ಮಾಳಿಗೆ ರಾತ್ರಿ ಹತ್ತಕ್ಕೂ ಆರಿರುವುದಿಲ್ಲ. ಮೇಲಿನಿಂದ ಮಾಳಿಗೆಯ ಕಾವು, ಒಳಗಿನಿಂದ ಎರಡು ಬಲ್ಬುಗಳ ಕಾವು. ಗಾಜನ್ನು ಬಿಚ್ಚಿಟ್ಟು ಒಂದು ತಿಂಗಳು ನೋಡಿ.

ಬನಹಟ್ಟಿ ಮಗ್ಗ
ಅಕ್ಕನವರು ಹೇಳಿದ್ದು ಸರಿ, ಆದರೆ ಅದೊಂದೇ ಅಲ್ಲ. ವೋಲ್ಟೇಜ್ ನೋಡಿ. ಊರಿನ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲಿನ ಫಲಕ ಓದಿದ್ದೀರಾ? 11,000 ವೋಲ್ಟ್ ಒಳಗೆ, 433 ವೋಲ್ಟ್ ಹೊರಗೆ. 433 ಎಂದರೆ ಎರಡು ಫೇಸ್‌ಗಳ (ಕರೆಂಟು ತರುವ ತಂತಿಗಳ) ನಡುವೆ. ಒಂದು ಫೇಸ್‌ಗೂ ನ್ಯೂಟ್ರಲ್‌ಗೂ (ಕರೆಂಟು ಹಿಂದಿರುಗುವ ತಂತಿಗೂ) ಲೆಕ್ಕ ಹಾಕಿದರೆ 250. ಮನೆಗೆ ಬರಬೇಕಾದದ್ದು 230. ಲೋಡ್ ಇದ್ದಾಗ ತಂತಿಯಲ್ಲಿ ಇಳಿದು ಸರಿಹೋಗುತ್ತದೆ. ರಾತ್ರಿ ಹನ್ನೊಂದಕ್ಕೆ ನಮ್ಮಲ್ಲಿ ಮಗ್ಗಗಳು ನಿಂತ ಮೇಲೆ ಟಿಸಿ ಪಕ್ಕದ ಮನೆಗಳಲ್ಲಿ 250ರ ಹತ್ತಿರ ತೋರಿಸುವುದನ್ನು ನಾನೇ ಮೀಟರ್ ಹಿಡಿದು ನೋಡಿದ್ದೇನೆ. ಸಾಲಿನ ಕೊನೆಯ ಮನೆಯವರಿಗೆ ಅದೇ ಹೊತ್ತಿನಲ್ಲಿ ಇಷ್ಟು ಇರುವುದಿಲ್ಲ.

ಟಿಳಕವಾಡಿ, ಬೆಳಗಾವಿ
250 ಬಂದರೆ ಇಡೀ ಮನೆಗೆ ಬರುತ್ತದೆ. ಪಡಸಾಲೆಯ ಬಲ್ಬನ್ನೇ ಹುಡುಕಿಕೊಂಡು ಹೋಗುವುದಿಲ್ಲ.

ಬನಹಟ್ಟಿ ಮಗ್ಗ
ಮಾಸ್ತರರ ಮನೆಗೆ ಒಂದೇ ಫೇಸ್ ಇದೆ ಎಂದು ನಿಮಗೆ ಯಾರು ಹೇಳಿದರು?

ಇಳಕಲ್ ಕಲ್ಲು
ನಮ್ಮ ಕಡೆ ಗ್ರಾನೈಟ್ ಕ್ವಾರಿಯಲ್ಲಿ ಸಿಡಿಮದ್ದು ಹಾರಿಸಿದಾಗ ಬಲ್ಬುಗಳು ಟಪ್ಪೆಂದು ಹೋಗುತ್ತಿದ್ದವು. ಮಾಸ್ತರರ ಮಾಳಿಗೆಯ ಮೇಲೆ ಯಾರಾದರೂ ಓಡಾಡುತ್ತಾರೆಯೇ? ನೀರಿನ ಟಾಕಿಯ ಮೋಟಾರು ಅದುರುತ್ತದೆಯೇ?

ನವನಗರ ವೈರಮನ್, ಬಾಗಲಕೋಟೆ
ಇಳಕಲ್ಲಿನ ಅಣ್ಣನವರೇ, ಅದು ಹಳೆಯ ತಂತಿ ಬಲ್ಬಿನ ಕಾಲದ ಮಾತು. ಕಾದು ಕೆಂಪಾದ ಟಂಗ್‌ಸ್ಟನ್ ತಂತಿ ಅದುರಿದರೆ ಹರಿಯುತ್ತದೆ. ಎಲ್‌ಇಡಿಯಲ್ಲಿ ಹಾಗೆ ಹರಿಯುವ ತಂತಿ ಇಲ್ಲ. ಅದುರಿದರೆ ಹೋಲ್ಡರ್ ಸಡಿಲವಾಗಬಹುದು, ಅಷ್ಟೇ.

ಮಾಸ್ತರರೇ, ಈಗ ನನ್ನ ಪ್ರಶ್ನೆಗಳಿಗೆ ಉತ್ತರ ಕೊಡಿ, ಆಮೇಲೆ ಮಾತಾಡೋಣ. ಸತ್ತ ಬಲ್ಬಿನ ತಳದಲ್ಲಿ ಎರಡು ಸೀಸದ ಬೊಟ್ಟುಗಳಿರುತ್ತವೆ. ಅವುಗಳ ಮೇಲೆ ಕಪ್ಪು ಕಲೆ, ಸಣ್ಣ ಗುಳಿ ಇದೆಯೇ? ಹೋಲ್ಡರಿನ ಒಳಗಿನ ಹಿತ್ತಾಳೆಯ ಕಡ್ಡಿಗಳನ್ನು, ಮೇನ್ ಸ್ವಿಚ್ ಆಫ್ ಮಾಡಿ, ಒತ್ತಿ ಬಿಟ್ಟರೆ ಪುಟಿದು ಹಿಂದಕ್ಕೆ ಬರುತ್ತವೆಯೇ? ಆ ದೀಪ ಇನ್ವರ್ಟರ್ ಲೈನಿನಲ್ಲಿದೆಯೇ? ಮನೆಗೆ ಒಂದು ಫೇಸೋ ಮೂರು ಫೇಸೋ? ಬಲ್ಬು ಹೋಗುವ ಹೊತ್ತಿಗೆ ಮನೆಯಲ್ಲಿ ಬೇರೆ ಏನು ಓಡುತ್ತಿರುತ್ತದೆ?

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಅದನ್ನು ಯಾರೂ ಗಮನಿಸುವುದಿಲ್ಲ.

ಇಂಡಿ ಲಿಂಬೆ
ಇನ್ವರ್ಟರ್ ಎಂದಿದ್ದಕ್ಕೆ ಹೇಳುತ್ತೇನೆ. ನಮ್ಮ ತೋಟದ ಮನೆಯಲ್ಲಿ ಅಗ್ಗದ ಚೌಕ ಅಲೆಯ ಇನ್ವರ್ಟರ್ ಇತ್ತು. ಕರೆಂಟು ಹೋಗಿ ಇನ್ವರ್ಟರಿಗೆ ಬದಲಾದಾಗ ಬಲ್ಬುಗಳು ಗುಂಯ್ ಎನ್ನುತ್ತಿದ್ದವು, ಬೇಗ ಹಾಳಾಗುತ್ತಿದ್ದವು. ಸೈನ್ ಅಲೆಯದು ತಂದ ಮೇಲೆ ಆ ಕಾಟ ನಿಂತಿತು.

ಜಲನಗರ ಮಾಸ್ತರ, ವಿಜಯಪುರ
ಎಲ್ಲರಿಗೂ ಉಪಕಾರ. ಉತ್ತರಗಳು ಹೀಗಿವೆ.

ಗಾಜಿನ ಬಟ್ಟಲು ಪೂರ್ತಿ ಮುಚ್ಚಿದೆ, ತಿರುಪು ಹಾಕಿ ಕೂಡಿಸಿದ್ದಾರೆ. ಬಲ್ಬಿನ ತಳದಲ್ಲಿ ಕಪ್ಪು ಕಲೆ ಇಲ್ಲ, ಹೋಲ್ಡರಿನ ಕಡ್ಡಿಗಳು ಚೆನ್ನಾಗಿ ಪುಟಿಯುತ್ತವೆ. ಇನ್ವರ್ಟರ್ ಇಲ್ಲ. ಬೋರ್‌ವೆಲ್ ಮೋಟಾರಿಗಾಗಿ ಮನೆ ಕಟ್ಟಿಸಿದಾಗಲೇ ಮೂರು ಫೇಸ್ ತೆಗೆದುಕೊಂಡಿದ್ದೆವು. ಅಡುಗೆಮನೆ ಮತ್ತು ಬಚ್ಚಲು ಒಂದು ಫೇಸಿನಲ್ಲಿ, ಪಡಸಾಲೆ ಮತ್ತು ದೇವರ ಜಗಲಿ ಇನ್ನೊಂದರಲ್ಲಿ, ಮಲಗುವ ಕೋಣೆಗಳು ಮೂರನೆಯದರಲ್ಲಿ.

ಏನು ಓಡುತ್ತಿರುತ್ತದೆ ಎಂದು ಕೇಳಿದಿರಿ. ಮನೆಯವರನ್ನು ಕೇಳಿದೆ. ಅವರು ಹೇಳಿದ ಮಾತು ಕೇಳಿ ನನಗೇ ಆಶ್ಚರ್ಯವಾಯಿತು. ದೇವರ ಜಗಲಿಯಲ್ಲಿ ಹಳೆಯ ಕೆಂಪು ಝೀರೋ ಬಲ್ಬು ಉರಿಯುತ್ತಿರುತ್ತದೆ, ತಂತಿ ಬಲ್ಬು. ಬೆಳಿಗ್ಗೆ ಬಚ್ಚಲಿನ ಗೀಜರ್ ಹಾಕಿದ ಕೂಡಲೇ ಆ ಬಲ್ಬು ಹೆಚ್ಚು ಬೆಳಗುತ್ತದೆಯಂತೆ. ಗೀಜರ್ ಆರಿಸಿದರೆ ಮತ್ತೆ ಮಂಕಾಗುತ್ತದೆಯಂತೆ. ಇವತ್ತು ನಾನೂ ನಿಂತು ನೋಡಿದೆ. ನಿಜ. ಕೆಂಪು ಹೋಗಿ ಕೇಸರಿಯ ಕಡೆಗೆ ತಿರುಗುತ್ತದೆ, ಪಡಸಾಲೆಯ ಫ್ಯಾನಿನ ಸದ್ದೂ ತುಸು ಏರುತ್ತದೆ.

ಟಿಳಕವಾಡಿ, ಬೆಳಗಾವಿ
ಗೀಜರ್ ಹಾಕಿದರೆ ಮಂಕಾಗಬೇಕು. ಬೆಳಗುವುದು ಹೇಗೆ ಸಾಧ್ಯ?

ನವನಗರ ವೈರಮನ್, ಬಾಗಲಕೋಟೆ
ಮಾಸ್ತರರೇ, ಇದನ್ನು ಓದಿದ ಕೂಡಲೇ ಗೀಜರ್ ಬಳಸುವುದನ್ನು ನಿಲ್ಲಿಸಿ. ಇಸ್ತ್ರಿ, ಮಿಕ್ಸರ್, ನೀರಿನ ಮೋಟಾರು ಕೂಡ ಬೇಡ. ಟಿವಿ, ಫ್ರಿಜ್‌ನ ಪಿನ್ ಕಿತ್ತಿಡಿ. ನಿಮ್ಮ ಮನೆಯ ನ್ಯೂಟ್ರಲ್ ಎಲ್ಲೋ ಸಡಿಲವಾಗಿದೆ. ಪೂರ್ತಿ ಬಿಟ್ಟುಹೋದರೆ ಬಲ್ಬು ಮಾತ್ರ ಹೋಗುವುದಿಲ್ಲ, ಪಡಸಾಲೆಯಲ್ಲಿರುವ ಪ್ರತಿಯೊಂದು ವಸ್ತುವೂ ಸುಡುತ್ತದೆ.

ಕೂಡಲಸಂಗಮ ಡಿಪ್ಲೊಮಾ
ಅಣ್ಣನವರೇ, ನಾನು ಪಾಲಿಟೆಕ್ನಿಕ್ ಓದುತ್ತಿದ್ದೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೀರಾ? ಒಂದು ಫೇಸಿನಲ್ಲಿ ಲೋಡ್ ಹಾಕಿದರೆ ಇನ್ನೊಂದು ಫೇಸಿನಲ್ಲಿ ವೋಲ್ಟೇಜ್ ಏರುವುದು ಏಕೆ?

ನವನಗರ ವೈರಮನ್, ಬಾಗಲಕೋಟೆ
ಹೇಳುತ್ತೇನೆ ತಮ್ಮಾ. ಪ್ರತಿ ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230 ಇದೆ. ಎರಡು ಫೇಸ್‌ಗಳ ನಡುವೆ 400. ನ್ಯೂಟ್ರಲ್ ಗಟ್ಟಿಯಾಗಿದ್ದಾಗ ಮೂರೂ ಫೇಸಿನ ಲೋಡುಗಳು ತಮ್ಮ ತಮ್ಮ 230ರಲ್ಲಿ ಇರುತ್ತವೆ, ಒಬ್ಬರ ತಂಟೆಗೆ ಒಬ್ಬರು ಹೋಗುವುದಿಲ್ಲ. ಈಗ ನ್ಯೂಟ್ರಲ್ ಕಿತ್ತುಹೋಯಿತು ಎಂದುಕೋ. ಬಚ್ಚಲಿನ ಗೀಜರೂ ಪಡಸಾಲೆಯ ಬಲ್ಬೂ ಆ 400 ವೋಲ್ಟಿನ ನಡುವೆ ಸರಣಿಯಲ್ಲಿ ಸಿಕ್ಕಿಕೊಂಡ ಹಾಗೆ ಆಗುತ್ತದೆ. 2000 ವ್ಯಾಟಿನ ಗೀಜರಿನ ರೋಧ 26 ಓಂ ಆಸುಪಾಸು. ಬಲ್ಬಿನ ಕಡೆ ರೋಧ ಸಾವಿರಾರು ಓಂ. ರೋಧ ಹೆಚ್ಚಿದ್ದವರ ಪಾಲಿಗೆ ವೋಲ್ಟೇಜ್ ಹೆಚ್ಚು. ಅಂದರೆ 400ರಲ್ಲಿ ಬಹುಪಾಲು ಬಲ್ಬಿನ ತಲೆಯ ಮೇಲೆ ಬೀಳುತ್ತದೆ.

ಮಾಸ್ತರರ ಮನೆಯಲ್ಲಿ ಪೂರ್ತಿ ಕಿತ್ತಿಲ್ಲ, ಸಡಿಲವಾಗಿದೆ. ಆ ಜೋಡಣೆಯಲ್ಲಿ ಒಂದಷ್ಟು ರೋಧ ಕೂತಿದೆ. ಗೀಜರಿನ ಎಂಟೊಂಬತ್ತು ಆಂಪಿಯರ್ ಅದರ ಮೂಲಕ ಹರಿದಾಗ ನ್ಯೂಟ್ರಲ್ ತನ್ನ ಜಾಗ ಬಿಟ್ಟು ಗೀಜರಿನ ಫೇಸಿನ ಕಡೆಗೆ ಸರಿಯುತ್ತದೆ. ಆ ಫೇಸ್ ಇಳಿಯುತ್ತದೆ, ಉಳಿದ ಎರಡು ಏರುತ್ತವೆ. ಜೊತೆಗೆ ಸಡಿಲ ಜಾಗದಲ್ಲಿ ಕಿಡಿ ಹಾರಿದಾಗಲೆಲ್ಲ ಕ್ಷಣಮಾತ್ರ ಇನ್ನೂ ಮೇಲೆ ಜಿಗಿಯುತ್ತದೆ. ಬಟ್ಟಲೊಳಗೆ ಕಾದು ಬಳಲಿದ ಬಲ್ಬಿಗೆ ಅಷ್ಟು ಸಾಕು. ಅಡುಗೆಮನೆಯ ಬಲ್ಬು ಏಕೆ ಬಾಳುತ್ತದೆ ಎನ್ನುವುದಕ್ಕೂ ಇದೇ ಉತ್ತರ. ಅದು ಗೀಜರಿನ ಫೇಸಿನಲ್ಲೇ ಇದೆ, ಅಲ್ಲಿ ವೋಲ್ಟೇಜ್ ಇಳಿಯುತ್ತದೆಯೇ ಹೊರತು ಏರುವುದಿಲ್ಲ.

ಕೂಡಲಸಂಗಮ ಡಿಪ್ಲೊಮಾ
ತರಗತಿಯಲ್ಲಿ ಸೂತ್ರ ಬರೆದಿದ್ದೆವು, ಮನೆಯಲ್ಲಿ ಹೀಗೆ ಕಾಣುತ್ತದೆ ಎಂದು ಈಗ ತಿಳಿಯಿತು. ಆದರೆ ಪಡಸಾಲೆಯ ಎಲ್‌ಇಡಿ ಬೆಳಗಲಿಲ್ಲ, ಝೀರೋ ಬಲ್ಬು ಮಾತ್ರ ಬೆಳಗಿತು, ಅದೇಕೆ?

ಶಹಾಪುರದ ಅಕ್ಕ, ಬೆಳಗಾವಿ
ಒಳ್ಳೆಯ ಎಲ್‌ಇಡಿಯ ಡ್ರೈವರ್ ವೋಲ್ಟೇಜ್ ಏರಿದರೂ ಇಳಿದರೂ ಬೆಳಕನ್ನು ಒಂದೇ ಸಮ ಇಡುತ್ತದೆ. ಪೆಟ್ಟು ತಿನ್ನುತ್ತದೆ, ತೋರಿಸುವುದಿಲ್ಲ. ತಂತಿ ಬಲ್ಬು ಹಾಗಲ್ಲ, ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. 5 ಪ್ರತಿಶತ ವೋಲ್ಟೇಜ್ ಹೆಚ್ಚಾದರೆ ಅದರ ಆಯುಸ್ಸು ಅರ್ಧವಾಗುತ್ತದೆ. ಮಾಸ್ತರರೇ, ಜಗಲಿಯ ಬಲ್ಬನ್ನೂ ಆಗಾಗ ಬದಲಿಸುತ್ತಿದ್ದಿರಾ?

ಜಲನಗರ ಮಾಸ್ತರ, ವಿಜಯಪುರ
ಹೌದು ಅಕ್ಕನವರೇ, ಇತ್ತೀಚೆಗೆ ಪದೇ ಪದೇ ಹೋಗುತ್ತಿತ್ತು. ಹತ್ತು ರೂಪಾಯಿಯ ಬಲ್ಬು ಎಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸಿಂದಗಿ ರಸ್ತೆ
ಇಷ್ಟೆಲ್ಲ ಏಕೆ? ನ್ಯೂಟ್ರಲ್ ಕೈಕೊಟ್ಟರೆ ಅರ್ಥಿಂಗ್ ತಂತಿಯನ್ನು ನ್ಯೂಟ್ರಲ್‌ಗೆ ಜೋಡಿಸಿ. ನಮ್ಮ ಓಣಿಯಲ್ಲಿ ಹಾಗೆ ಮಾಡಿಕೊಂಡವರು ಇದ್ದಾರೆ, ಎಲ್ಲ ನಡೆಯುತ್ತಿದೆ.

ನವನಗರ ವೈರಮನ್, ಬಾಗಲಕೋಟೆ
ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಸಿಂದಗಿ ರಸ್ತೆಯವರೇ, ನಿಮ್ಮ ಓಣಿಯವರಿಗೂ ಇವತ್ತೇ ಹೇಳಿ.

ಅರ್ಥಿಂಗ್ ತಂತಿ ಫ್ರಿಜ್, ಗೀಜರ್, ವಾಷಿಂಗ್ ಮಷಿನ್ ಎಲ್ಲದರ ಲೋಹದ ಮೈಗೆ ಸೇರಿರುತ್ತದೆ. ಅದನ್ನು ನ್ಯೂಟ್ರಲ್ ಮಾಡಿದರೆ ಮನೆಯ ಪೂರ್ತಿ ಕರೆಂಟು ಅರ್ಥಿಂಗ್ ಗುಂಡಿಯ ಮೂಲಕ ನೆಲಕ್ಕೆ ಹೋಗಬೇಕು. ನಮ್ಮ ಎರೆಮಣ್ಣು ಮಾರ್ಚಿಗೆ ಬಿರುಕು ಬಿಡುತ್ತದೆ. ಗುಂಡಿಯ ಉಪ್ಪು ಇದ್ದಿಲು ಒಣಗಿರುತ್ತವೆ, ನೀರು ಹಾಕುವವರು ಯಾರೂ ಇಲ್ಲ. ನೆಲ ಒಣಗಿದರೆ ಕರೆಂಟು ಹೋಗಲು ದಾರಿ ಇಲ್ಲ, ಆಗ ಫ್ರಿಜ್ಜಿನ ಹಿಡಿಕೆಯಲ್ಲೇ ಫೇಸ್ ನಿಂತಿರುತ್ತದೆ. ಒದ್ದೆ ಕೈಯ ಮಗು ಹೋಗಿ ಬಾಗಿಲು ತೆಗೆದರೆ ಏನಾಗುತ್ತದೆ ಎಂದು ನಾನು ಬರೆಯುವುದಿಲ್ಲ.

ಸಿಂದಗಿ ರಸ್ತೆ
ಇಷ್ಟು ಅಪಾಯ ಇದೆ ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಓಣಿಯವರಿಗೆ ತಿಳಿಸುತ್ತೇನೆ.

ಟಿಳಕವಾಡಿ, ಬೆಳಗಾವಿ
ನ್ಯೂಟ್ರಲ್ ಸಡಿಲವಾದರೆ ಎಂಸಿಬಿ (ತಾನಾಗಿ ಕರೆಂಟು ಕಡಿಯುವ ಸ್ವಿಚ್) ಬೀಳಬೇಕಲ್ಲ? ಮಾಸ್ತರರ ಮನೆಯಲ್ಲಿ ಎಂಸಿಬಿ ಇಲ್ಲವೇ?

ಬನಹಟ್ಟಿ ಮಗ್ಗ
ಎಂಸಿಬಿ ನೋಡುವುದು ಆಂಪಿಯರನ್ನು, ವೋಲ್ಟೇಜನ್ನಲ್ಲ. ಆರ್‌ಸಿಸಿಬಿ ನೋಡುವುದು ಸೋರಿಕೆಯನ್ನು. ನ್ಯೂಟ್ರಲ್ ಹೋದರೆ ಎರಡೂ ಸುಮ್ಮನೆ ಕೂತಿರುತ್ತವೆ. ನಮ್ಮ ಮಗ್ಗದ ಶೆಡ್ಡಿನಲ್ಲಿ ವೋಲ್ಟೇಜ್ ಮೇಲೆ ಕೆಳಗೆ ಹೋದರೆ ಕಡಿದುಹಾಕುವ ಪ್ರೊಟೆಕ್ಟರ್ ಹಾಕಿಸಿದ್ದೇವೆ, ಮೂರು ಫೇಸ್ ಇರುವ ಮನೆಗೂ ಅದು ಬೇಕು.

ಇಂಡಿ ಲಿಂಬೆ
ಸಿಡಿಲಿಗೆಂದು ಹಾಕುವ ಸರ್ಜ್ ಡಬ್ಬಿ ಇದೆ ನಮ್ಮಲ್ಲಿ. ಅದು ಈ ಕೆಲಸ ಮಾಡುವುದಿಲ್ಲವೇ?

ಬನಹಟ್ಟಿ ಮಗ್ಗ
ಇಲ್ಲ. ಅದು ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕ ಕಾಲದ ಜಿಗಿತವನ್ನು ನೆಲಕ್ಕೆ ಹರಿಸುವುದು. ಗಂಟೆಗಟ್ಟಲೆ 300 ವೋಲ್ಟ್ ನಿಂತರೆ ಅದೇ ಸುಟ್ಟುಹೋಗುತ್ತದೆ. ಮುಂಗಾರಿಗೆ ಮುಂಚಿನ ಗುಡುಗು ಮಳೆಗೆ ಒಳ್ಳೆಯದು, ಇರಲಿ.

ಇಳಕಲ್ ಕಲ್ಲು
ಮಾತು ಬಲ್ಬಿನದೇ ಆದ್ದರಿಂದ ಕೇಳುತ್ತೇನೆ. ಹೊಸ ಬೆಳಕು ಯೋಜನೆಯಲ್ಲಿ ಕೊಟ್ಟ 9 ವ್ಯಾಟಿನ ಬಲ್ಬುಗಳು ನಮ್ಮ ಮನೆಯಲ್ಲಿ ಇನ್ನೂ ಉರಿಯುತ್ತಿವೆ. ಈಗ ಬರುವವು ಹಗುರ. ಆಗಿನವು ಕೈಯಲ್ಲಿ ಹಿಡಿದರೆ ತೂಕ ಇತ್ತು.

ಶಹಾಪುರದ ಅಕ್ಕ, ಬೆಳಗಾವಿ
ಆ ತೂಕ ಅಲ್ಯುಮಿನಿಯಂ ಮೈಯದು. ಬಿಸಿಯನ್ನು ಹೊರಗೆ ಎಳೆಯುವುದು ಅದೇ. ಈಗ ಹಲವು ಬಲ್ಬುಗಳಲ್ಲಿ ಪ್ಲಾಸ್ಟಿಕ್ಕಿನ ಒಳಗೆ ತೆಳುವಾದ ತಗಡು ಮಾತ್ರ. ಮುಚ್ಚಿದ ದೀಪಕ್ಕೆ ಬಲ್ಬು ಕೊಳ್ಳುವಾಗ ತೂಕ ನೋಡಿ, 100ರಿಂದ 300 ವೋಲ್ಟ್ ಎಂದು ಬರೆದದ್ದನ್ನು ಆರಿಸಿ.

ಜಲನಗರ ಮಾಸ್ತರ, ವಿಜಯಪುರ
ನಮ್ಮ ಶಾಲೆಯ ಪ್ರಯೋಗಾಲಯದ ಮಲ್ಟಿಮೀಟರ್ ತಂದು ಅಳೆದೆ. ವೈರಮನ್ ಅಣ್ಣನವರು ಬೋರ್ಡ್ ಬಿಚ್ಚಬೇಡಿ ಎಂದು ಖಾಸಗಿಯಾಗಿ ಹೇಳಿದ್ದರು, ಆದ್ದರಿಂದ ಪ್ಲಗ್ಗಿನಲ್ಲೇ ನೋಡಿದೆ. ಗೀಜರ್ ಇಲ್ಲದಾಗ ಪಡಸಾಲೆಯಲ್ಲೂ ಅಡುಗೆಮನೆಯಲ್ಲೂ 240. ಮಗನಿಗೆ ಗೀಜರ್ ಹಾಕಲು ಹೇಳಿದೆ. ಪಡಸಾಲೆ 255ಕ್ಕೆ ಏರಿತು, ಅಂಕೆ ಒಂದೆಡೆ ನಿಲ್ಲುತ್ತಿರಲಿಲ್ಲ. ಅಡುಗೆಮನೆ 211ಕ್ಕೆ ಇಳಿಯಿತು. ಕೂಡಲೇ ಆರಿಸಿಬಿಟ್ಟೆ. ಮೇನ್ ಸ್ವಿಚ್ಚಿನ ಹತ್ತಿರ ಮೀನು ಹುರಿದ ಹಾಗೆ ಕಮಟು ವಾಸನೆಯೂ ಬಂತು.

ನವನಗರ ವೈರಮನ್, ಬಾಗಲಕೋಟೆ
ಆ ವಾಸನೆ ಬೇಕಲೈಟ್ ಕಾಯುವುದು. ಜಾಗ ಸಿಕ್ಕಿತು ಎಂದು ಇಟ್ಟುಕೊಳ್ಳಿ. ಈಗ ಎರಡು ಕೆಲಸ. 1912ಕ್ಕೆ ಕರೆ ಮಾಡಿ ದೂರು ಬರೆಸಿ. ಕಂಬದಿಂದ ಮೀಟರಿನವರೆಗೆ ಅವರು ನೋಡಬೇಕು, ಮೀಟರಿನ ಸೀಲನ್ನು ನೀವಾಗಲಿ ನಿಮ್ಮ ವೈರಮನ್ ಆಗಲಿ ಮುಟ್ಟಬಾರದು. ಮೀಟರಿನಿಂದ ಈಚೆಗೆ ಪರವಾನಗಿ ಇರುವವರನ್ನು ಕರೆಸಿ. ಲೈನ್‌ಮನ್ ಕಂಬದಲ್ಲಿ ಸಪ್ಲೈ ತೆಗೆದ ಮೇಲೆಯೇ ಮೇನ್ ಸ್ವಿಚ್ಚಿನ ಮುಚ್ಚಳ ಬಿಚ್ಚಲಿ. ಹಿಡಿಕೆ ಕೆಳಗೆ ಎಳೆದರೂ ಮೀಟರ್ ಕಡೆಯ ತುದಿಗಳಲ್ಲಿ ಕರೆಂಟು ಇದ್ದೇ ಇರುತ್ತದೆ.

ಮುಧೋಳ ಕಬ್ಬು
ಓದುತ್ತಾ ಕೂತಿದ್ದೇನೆ. ಏನಾಯಿತು ಎಂದು ಹೇಳಿ ಮಾಸ್ತರರೇ.

ಜಲನಗರ ಮಾಸ್ತರ, ವಿಜಯಪುರ
ಸಿಕ್ಕಿತು. ಲೈನ್‌ಮನ್ ಬಂದು ಕಂಬದ ಜೋಡಣೆ ನೋಡಿದರು, ಅದು ಗಟ್ಟಿಯಾಗಿತ್ತು. ಸಪ್ಲೈ ತೆಗೆದುಕೊಟ್ಟರು. ನಾವು ಕರೆಸಿದ ಪರವಾನಗಿಯ ವೈರಮನ್ ಕಬ್ಬಿಣದ ಮೇನ್ ಸ್ವಿಚ್ ಬಿಚ್ಚಿದರು. ಮೂರು ಫ್ಯೂಸುಗಳ ಪಕ್ಕದಲ್ಲಿ ನ್ಯೂಟ್ರಲ್ ಲಿಂಕ್ ಇರುತ್ತದೆ, ಹಿತ್ತಾಳೆಯ ಪಟ್ಟಿ. ಅದಕ್ಕೆ ದಪ್ಪ ಅಲ್ಯುಮಿನಿಯಂ ತಂತಿ ಕೂಡಿಸಿದ್ದರು. ತಿರುಪು ಕೈಬೆರಳಿಗೇ ತಿರುಗಿತು. ತಂತಿಯ ತುದಿ ಬೂದಿ ಬಣ್ಣಕ್ಕೆ ತಿರುಗಿ ಪುಡಿಪುಡಿಯಾಗಿತ್ತು, ಸುತ್ತಲಿನ ಬೇಕಲೈಟ್ ಸೀಳಿ ಕಪ್ಪಾಗಿತ್ತು, ತಂತಿಯ ಹೊದಿಕೆ ಬೆರಳುದ್ದ ಕರಗಿತ್ತು. ಮೇನ್ ಸ್ವಿಚ್ಚನ್ನೇ ತೆಗೆಸಿ ನಾಲ್ಕು ಪೋಲ್ ಎಂಸಿಬಿ, ಬನಹಟ್ಟಿಯವರು ಹೇಳಿದ ವೋಲ್ಟೇಜ್ ಪ್ರೊಟೆಕ್ಟರ್, ಮೀಟರಿನಿಂದ ತಾಮ್ರದ ತಂತಿ ಹಾಕಿಸಿದೆ. ಈಗ ಗೀಜರ್ ಹಾಕಿದರೂ ಪಡಸಾಲೆಯಲ್ಲಿ ಅಂಕೆ ಅಲುಗುವುದಿಲ್ಲ.

ಕೂಡಲಸಂಗಮ ಡಿಪ್ಲೊಮಾ
ತಿರುಪು ಬಿಗಿಯಾಗಿಯೇ ಹಾಕಿರುತ್ತಾರೆ. ತಾನಾಗಿ ಸಡಿಲವಾಗುವುದು ಹೇಗೆ?

ನವನಗರ ವೈರಮನ್, ಬಾಗಲಕೋಟೆ
ಅಲ್ಯುಮಿನಿಯಂ ಕಾದಾಗ ಹಿತ್ತಾಳೆಗಿಂತ ಹೆಚ್ಚು ಹಿಗ್ಗುತ್ತದೆ, ತಿರುಪಿನ ಅಡಿ ಒತ್ತಿಹೋಗಿ ಚಪ್ಪಟೆಯಾಗುತ್ತದೆ, ಆರಿದಾಗ ಕುಗ್ಗುತ್ತದೆ. ದಿನಾ ಗೀಜರ್ ಹಾಕಿ ಆರಿಸಿದಂತೆಲ್ಲ ಕೂದಲೆಳೆಯಷ್ಟು ಸಂದು ಬೀಳುತ್ತದೆ. ಆ ಸಂದಿನಲ್ಲಿ ಆಕ್ಸೈಡಿನ ಪದರ ಕಟ್ಟುತ್ತದೆ, ಅದರಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ, ಇನ್ನಷ್ಟು ಕಾಯುತ್ತದೆ. ಅದಕ್ಕೇ ಹಳೆಯ ಅಲ್ಯುಮಿನಿಯಂ ಇರುವ ಮನೆಯಲ್ಲಿ ತಿರುಪುಗಳನ್ನು ವರ್ಷಕ್ಕೊಮ್ಮೆ ನೋಡಿಸಬೇಕು.

ಟಿಳಕವಾಡಿ, ಬೆಳಗಾವಿ
ಆಯಿತು, ಬಲ್ಬಿನದಲ್ಲ ಎಂದು ಒಪ್ಪುತ್ತೇನೆ. ಗಾಜಿನ ಬಟ್ಟಲನ್ನು ಏನು ಮಾಡಿದಿರಿ?

ಜಲನಗರ ಮಾಸ್ತರ, ವಿಜಯಪುರ
ತೆಗೆಸಿದೆ. ಅಕ್ಕನವರ ಮಾತು ನನಗೆ ಸರಿ ಕಂಡಿತು, ಮಾಳಿಗೆಯ ಕಾವು ಎಲ್ಲಿಗೂ ಹೋಗುವುದಿಲ್ಲವಲ್ಲ. ಗಾಳಿಗೆ ತೆರೆದಿರುವ 18 ವ್ಯಾಟಿನ ಚಪ್ಪಟೆ ಪ್ಯಾನೆಲ್ ಹಾಕಿಸಿದ್ದೇನೆ.

ಮುಧೋಳ ಕಬ್ಬು
ಇದನ್ನೆಲ್ಲ ಓದಿ ನಮ್ಮ ಹಳೆಯ ಮನೆಯ ಬೋರ್ಡ್ ನೋಡಿದೆ. ಒಂದೇ ಫೇಸ್. ಮರದ ಹಲಗೆಯ ಮೇಲೆ ಪಿಂಗಾಣಿಯ ಎರಡು ಕಿಟ್‌ಕ್ಯಾಟ್ ಫ್ಯೂಸ್ ಇವೆ. ಒಂದು ಫೇಸಿಗೆ, ಒಂದು ನ್ಯೂಟ್ರಲ್‌ಗೆ. ಇದು ಸರಿಯೇ?

ನವನಗರ ವೈರಮನ್, ಬಾಗಲಕೋಟೆ
ಸರಿಯಲ್ಲ ಅಣ್ಣನವರೇ. ನ್ಯೂಟ್ರಲ್‌ನಲ್ಲಿ ಫ್ಯೂಸ್ ಇರಲೇಬಾರದು. ಅದೊಂದೇ ಸುಟ್ಟರೆ ದೀಪ ಆರುತ್ತದೆ, ಕರೆಂಟು ಹೋಗಿದೆ ಎಂದು ನೀವು ಹೋಲ್ಡರಿಗೆ ಕೈ ಹಾಕುತ್ತೀರಿ, ಅಲ್ಲಿ ಫೇಸ್ ಇದ್ದೇ ಇರುತ್ತದೆ. ಟೆಸ್ಟರ್ ಇಟ್ಟರೆ ಪ್ಲಗ್ಗಿನ ಎರಡೂ ತೂತಿನಲ್ಲಿ ಬೆಳಗುವುದು ಇಂಥ ಹೊತ್ತಿನಲ್ಲೇ. ಆ ಫ್ಯೂಸ್ ತೆಗೆಸಿ ನ್ಯೂಟ್ರಲ್ ಅನ್ನು ಲಿಂಕಿಗೆ ನೇರವಾಗಿ ಕೂಡಿಸಬೇಕು. ಮರದ ಹಲಗೆಯನ್ನೂ ಅದೇ ದಿನ ತೆಗೆಸಿ. ಬೋರ್ಡಿನ ಚಿತ್ರ ತೆಗೆದು ಇಲ್ಲಿ ಹಾಕಿ, ಏನೇನು ಸಾಮಾನು ಬೇಕು ಎಂದು ಬರೆದುಕೊಡುತ್ತೇನೆ.

ಮುಧೋಳ ಕಬ್ಬು
ನಾಳೆ ಬೆಳಕಿನಲ್ಲಿ ತೆಗೆದು ಹಾಕುತ್ತೇನೆ.